ಹರಕೆಯ ಆಟ: ಇಡೀ ರಾತ್ರಿಯೋ, ಕಾಲಮಿತಿಯೋ?

ಪ್ರಶ್ನೆ: ನಮ್ಮ ಮನೆಯ ಹರಕೆಯ ಯಕ್ಷಗಾನ ಬಯಲಾಟವು ಬರುವ ತಿರುಗಾಟದಲ್ಲಿ, ಅಂದರೆ ಮೇಳ (ಯಕ್ಷಗಾನ ತಂಡ) ಊರೂರು ಸುತ್ತಿ ಆಟವಾಡುವ ತಿಂಗಳುಗಳಲ್ಲಿ ನಡೆಯಲಿದ್ದು, ಹಿರಿಯರು ‘ದೇವಿಮಹಾತ್ಮೆ’ ಪ್ರಸಂಗವನ್ನೇ ಹೇಳಿಕೊಂಡಿದ್ದಾರೆ. ಬೆಳಗಿನವರೆಗೂ ಆಟವಾಗಬೇಕೆಂಬುದು ದೊಡ್ಡಪ್ಪನವರ ಹಟ, ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟವೇ ಅನುಕೂಲವೆಂಬುದು ಕಿರಿಯರ ಮಾತು. ಇಂತಹ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ಅನುಭವ ತಿಳಿಸಿ.

ಬಂಟ್ವಾಳದಿಂದ: ನಮ್ಮಲ್ಲಿಯೂ ಇದೇ ಪ್ರಸಂಗ, ಇದೇ ಚರ್ಚೆ. ತಂದೆಯವರು ಪಟ್ಟು ಹಿಡಿದಾಗ ನಾವು ವಾದಕ್ಕಿಳಿಯದೆ, ಆಟದಲ್ಲಿ ಏನು ಬಿಟ್ಟುಹೋದರೆ ಹರಕೆ ಅರ್ಧಕ್ಕೇ ನಿಂತಂತೆ ತಮಗೆ ಅನ್ನಿಸುತ್ತದೆ ಎಂದು ಕೇಳಿದೆವು. ಚೌಕಿಪೂಜೆ (ವೇಷ ಕಟ್ಟುವ ಬಿಡಾರದಲ್ಲಿ ನಡೆಯುವ ಪೂಜೆ), ದೊಂದಿಯ (ಪಂಜಿನ) ಬೆಳಕಿನಲ್ಲಿ ಮಹಿಷಾಸುರನ ಪ್ರವೇಶ, ಕೊನೆಯ ಮಂಗಳ, ಇವಿಷ್ಟನ್ನು ಅವರು ಹೇಳಿದರು. ಗಂಟೆಯ ಮಾತನ್ನೇ ಎತ್ತಲಿಲ್ಲ. ಆಮೇಲೆ ಅವರನ್ನೇ ಮುಂದಿಟ್ಟುಕೊಂಡು, ಹಾಡುತ್ತಾ ಆಟವನ್ನು ನಡೆಸುವ ಭಾಗವತರ ಬಳಿ ಹೋದೆವು. ಮಧು-ಕೈಟಭರ ಭಾಗದ ಪದ್ಯಗಳನ್ನು ಕಡಿಮೆ ಮಾಡಿ, ರಕ್ತಬೀಜನ ಅರ್ಥಗಾರಿಕೆಗೆ (ಮಾತುಗಾರಿಕೆಗೆ) ಬೇಕಾದಷ್ಟು ಸಮಯ ಉಳಿಸಿಕೊಡುವುದಾಗಿ ಭಾಗವತರು ಒಪ್ಪಿದರು. ಯಾವುದನ್ನು ಕುಗ್ಗಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಮನೆಯವರಾದ ನಾವು ತೀರ್ಮಾನಿಸುವುದಕ್ಕಿಂತ ರಂಗವನ್ನು ಬಲ್ಲವರಿಗೆ ಬಿಡುವುದೇ ಸರಿ ಎಂದು ನನಗೆ ಅಂದೇ ಮನವರಿಕೆಯಾಯಿತು. ಹಿಂದೆ ಮಹಿಷಾಸುರ ಬರುವ ನಡುರಾತ್ರಿಯ ಹೊತ್ತಿಗೆ ಮಕ್ಕಳು ಚಾಪೆಯ ಮೇಲೆ ನಿದ್ದೆಹೋಗಿರುತ್ತಿದ್ದರು. ಈ ಸಲ ಗದ್ದೆಯ ಆಚೆ ಬದಿಯಲ್ಲಿ ರಾಳದ ಪುಡಿ ಬಿದ್ದು ದೊಂದಿ ಭಗ್ಗನೆ ಉರಿದು, ಕೋಡು ಹೊತ್ತ ವೇಷ ಆರ್ಭಟಿಸುತ್ತಾ ಜನರ ನಡುವಿನಿಂದ ಬಂದಾಗ, ಮೊಮ್ಮಕ್ಕಳೆಲ್ಲ ಎಚ್ಚರವಾಗಿದ್ದು ಅಜ್ಜನ ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ತಂದೆಯವರಿಗೆ ಅದು ಬಹಳ ಹಿಡಿಸಿತು.

ಕಲಾವಿದರ ಮನೆಯಿಂದ: ನನ್ನ ಅಣ್ಣ ಮೇಳದಲ್ಲಿ ವೇಷಧಾರಿ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಮೇಳಗಳ ತಿರುಗಾಟ ಮೇ ತಿಂಗಳಲ್ಲಿ ಬರುವ, ತುಳುವರ ಪತ್ತನಾಜೆಯ ದಿನದವರೆಗೂ ಇರುತ್ತದೆ; ಅಷ್ಟು ತಿಂಗಳು ನಿದ್ದೆಗೆಟ್ಟು ಕುಣಿದು, ಬೆಳಗಿನ ಜಾವ ಬಣ್ಣ ತೆಗೆದು ದೂರದ ಮನೆಗೆ ಬೈಕಿನಲ್ಲಿ ಹೊರಡುವವರ ಆರೋಗ್ಯವನ್ನು ಹತ್ತಿರದಿಂದ ಕಂಡ ನನಗೆ ಕಾಲಮಿತಿಯ ಬಗ್ಗೆ ಗೌರವವೇ ಇದೆ. ಆದರೆ ಒಂದು ಸಂಗತಿ ನನ್ನನ್ನು ನಿಜವಾಗಿ ಚಿಂತೆಗೀಡುಮಾಡುತ್ತದೆ. ಕೋಡಂಗಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ ಮೊದಲಾದ, ಕಥೆಗೆ ಮುಂಚೆ ಬರುವ ಪೂರ್ವರಂಗದ ವೇಷಗಳಲ್ಲಿಯೇ ಹುಡುಗರು ತಾಳಕ್ಕೆ ಹೆಜ್ಜೆ ಕೂಡಿಸಲು, ಜನರ ಮುಂದೆ ನಿಲ್ಲಲು ಕಲಿಯುತ್ತಿದ್ದರು. ಸಮಯವಿಲ್ಲವೆಂದು ಮೊದಲು ಕತ್ತರಿ ಬೀಳುವುದು ಅದಕ್ಕೇ. ಆದ್ದರಿಂದ ಕಾಲಮಿತಿಯನ್ನು ಆರಿಸಿಕೊಂಡರೆ, ಪೂರ್ವರಂಗವನ್ನು ಸ್ವಲ್ಪವಾದರೂ ಉಳಿಸಿಕೊಡುವಂತೆ ಸೇವಾಕರ್ತರಾಗಿ ನೀವೇ ಕೇಳಿಕೊಳ್ಳಿ. ಹಾಗೆ ಕೇಳುವವರಿದ್ದರೆ ಮೇಳದವರಿಗೂ ಸಂತೋಷ.

ಕಾರ್ಕಳದಿಂದ: ನಾವು ಬೆಳಗಿನವರೆಗೇ ಆಡಿಸಿದೆವು, ಊರಿನ ಹಿರಿಯರು ಕೊನೆಯವರೆಗೂ ಕುಳಿತಿದ್ದರು. ನೀವೂ ಹಾಗೆಯೇ ನಿರ್ಧರಿಸಿದರೆ ಒಂದನ್ನು ಮರೆಯಬೇಡಿ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಮೇಳದ ವ್ಯವಸ್ಥಾಪಕರನ್ನೂ ಪೊಲೀಸ್ ಠಾಣೆಯನ್ನೂ ಮೊದಲೇ ವಿಚಾರಿಸಿ, ನೆರೆಮನೆಗಳಲ್ಲಿ ರೋಗಿಗಳೋ ಪರೀಕ್ಷೆಗೆ ಓದುವ ಮಕ್ಕಳೋ ಇದ್ದಾರೆಯೇ ಎಂದು ತಿಳಿದುಕೊಂಡು, ಎಲ್ಲವೂ ಇತ್ಯರ್ಥವಾದ ಮೇಲೆಯೇ ಆಮಂತ್ರಣ ಪತ್ರಿಕೆಯಲ್ಲಿ ಸಮಯವನ್ನು ಅಚ್ಚುಹಾಕಿಸಿ.