ಕಿಯಾರಿ 1: ಒಂದೇ ಸ್ಕ್ಯಾನ್, ಟಾನ್ಸಿಲ್ ಇಳಿತ ಒಬ್ಬರಿಗೆ 3.5 ಮಿ.ಮೀ., ಇನ್ನೊಬ್ಬರಿಗೆ 6.8. ತಪ್ಪು ಎಲ್ಲಿ?

ಪ್ರಶ್ನೆ

ಹುಟ್ಟಿನಿಂದ ಬಂದ ಹಿಮ್ಮೆದುಳಿನ ವಿರೂಪಗಳನ್ನು ಎಂಆರ್‌ಐನಲ್ಲಿ ಅಳೆಯುತ್ತಿದ್ದೇವೆ. ಕಿಯಾರಿ 1 (ಕಿರುಮೆದುಳಿನ ಕೆಳತುದಿಗಳು ಬುರುಡೆಯ ತಳದ ರಂಧ್ರದಿಂದ ಕೆಳಗಿಳಿಯುವ ವಿರೂಪ) ಇರುವ ಒಂದೇ ಸ್ಕ್ಯಾನಿನಲ್ಲಿ ಸೆರೆಬೆಲ್ಲಮ್‌ನ (ಕಿರುಮೆದುಳಿನ) ಟಾನ್ಸಿಲ್, ಅಂದರೆ ಆ ಕೆಳತುದಿ, ಎಷ್ಟು ಇಳಿದಿದೆ ಎಂಬುದಕ್ಕೆ ಇಬ್ಬರಿಂದ ಎರಡು ಉತ್ತರ ಬರುತ್ತಿದೆ. ಸಜಿಟಲ್ (ಪಕ್ಕದಿಂದ ನೋಡಿದಂತೆ ಸೀಳಿದ) ಟಿ1 (ಕೊಬ್ಬು ಬೆಳ್ಳಗೆ, ದ್ರವ ಕಪ್ಪಗೆ ಕಾಣುವ ಎಂಆರ್‌ಐ ಬಗೆ) ಸ್ಲೈಸ್ 5 ಮಿ.ಮೀ. ದಪ್ಪ, ನಡುವೆ 1 ಮಿ.ಮೀ. ಅಂತರ. 1 ಮಿ.ಮೀ. ಐಸೋಟ್ರಾಪಿಕ್ (ಮೂರೂ ದಿಕ್ಕಿಗೆ ಒಂದೇ ಅಳತೆಯ) 3ಡಿ ಟಿ1 ಇದೆ, ಬಳಸಿಲ್ಲ. ಕಿಯಾರಿ 2 (ವರ್ಮಿಸ್, ಅಂದರೆ ಕಿರುಮೆದುಳಿನ ನಡುಭಾಗ, ಕುತ್ತಿಗೆಗೆ ಇಳಿಯುವ ವಿರೂಪ) ಮತ್ತು ಡ್ಯಾಂಡಿ-ವಾಕರ್ (ವರ್ಮಿಸ್ ಸರಿಯಾಗಿ ಬೆಳೆಯದ ವಿರೂಪ) ಪ್ರಕರಣಗಳಲ್ಲಿ ತಂತ್ರಾಂಶ ತಾನಾಗಿ ಲೆಕ್ಕಹಾಕುವ ಸೆರೆಬೆಲ್ಲಮ್ ಗಾತ್ರವೂ ಸರಿಯಿದ್ದಂತಿಲ್ಲ.

ಉತ್ತರ 1

ಆ ದಪ್ಪ ಸ್ಲೈಸ್‌ಗಳನ್ನು ಬಿಟ್ಟುಬಿಡಿ. ಒಂದು ಸ್ಲೈಸಿನ ನಡುವಿನಿಂದ ಮುಂದಿನದರ ನಡುವಿಗೆ 6 ಮಿ.ಮೀ. ಆಗುತ್ತದೆ. ಟಾನ್ಸಿಲ್‌ಗಳು ಇರುವುದು ಮಧ್ಯರೇಖೆಯ ಅಕ್ಕಪಕ್ಕದಲ್ಲಿ. ತುದಿ ಎರಡು ಸ್ಲೈಸ್‌ಗಳ ನಡುವೆ ಸಿಕ್ಕಿಕೊಂಡರೆ ಕಾಣುವುದೇ ಇಲ್ಲ.

3ಡಿ ಟಿ1 ತೆರೆದು, ಅಳೆಯುವ ಮೊದಲು ತಲೆಯ ಓರೆ ಸರಿಪಡಿಸಿ. ಆಕ್ಸಿಯಲ್‌ನಲ್ಲಿ (ಅಡ್ಡ ಸೀಳಿಕೆ) ಫಾಲ್ಕ್ಸ್ (ಮೆದುಳಿನ ಎರಡು ಅರ್ಧಗಳ ನಡುವಿನ ಪೊರೆ) ಮುಂದಿನಿಂದ ಹಿಂದಿನವರೆಗೆ ಒಂದೇ ಗೆರೆಯಲ್ಲಿರಲಿ, ಕೊರೊನಲ್‌ನಲ್ಲಿ (ಎದುರಿನಿಂದ ನೋಡಿದಂತೆ) ಎರಡೂ ಬದಿ ಸಮನಾಗಿರಲಿ. ಮಧ್ಯದ ಸಜಿಟಲ್‌ನಲ್ಲಿ ಸಿಲ್ವಿಯಸ್ ನಾಳ (ಮೆದುಳಿನ ನಡುವಿನ ಸಣ್ಣ ದ್ರವನಾಳ) ಪೂರ್ತಿ ಕಾಣಬೇಕು. ಕಾಣದಿದ್ದರೆ ಅದು ಮಧ್ಯವಲ್ಲ.

ಈಗ ಮೆಕ್ರೇ ರೇಖೆ, ಅಂದರೆ ಫೊರಾಮೆನ್ ಮ್ಯಾಗ್ನಮ್‌ನ (ಬುರುಡೆಯ ತಳದ ದೊಡ್ಡ ರಂಧ್ರ) ಮುಂದಿನ ಅಂಚಾದ ಬೇಸಿಯಾನ್‌ನಿಂದ ಹಿಂದಿನ ಅಂಚಾದ ಒಪಿಸ್ಥಿಯಾನ್‌ಗೆ. ಇಳಿತವನ್ನು ಅಳೆಯುವುದು ಈ ರೇಖೆಯಿಂದ. ಹೆಚ್ಚಿನ ಎಡವಟ್ಟು ಇಲ್ಲೇ. ದೊಡ್ಡವರಲ್ಲಿ ಕ್ಲೈವಸ್‌ನ (ಕೆಳತುದಿಯಲ್ಲಿ ಬೇಸಿಯಾನ್ ಇರುವ ಮೂಳೆ) ಮಜ್ಜೆ ಟಿ1ನಲ್ಲಿ ಬೆಳ್ಳಗಿರುತ್ತದೆ, ಅದರ ಸುತ್ತಲಿನ ಗಟ್ಟಿ ಮೂಳೆ ಕಪ್ಪು. ಬಿಳಿ ಮುಗಿಯುವಲ್ಲಿ ಗುರುತು ಹಾಕಿದರೆ ರೇಖೆ ಮೇಲೇರಿ ಇಳಿತ ಹೆಚ್ಚು ಬರುತ್ತದೆ. ಕಪ್ಪು ಅಂಚಿನ ಕೆಳತುದಿಯನ್ನೇ ಹಿಡಿಯಿರಿ. ಎಳೆಯ ಮಕ್ಕಳ ಮಜ್ಜೆಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಈ ಬಿಳಿ-ಕಪ್ಪು ವ್ಯತ್ಯಾಸ ಅಲ್ಲಿ ಸಿಗುವುದಿಲ್ಲ. ಹಿಂದುಗಡೆ, ಒಪಿಸ್ಥಿಯಾನ್‌ನಿಂದ ಸಿ1 (ಕುತ್ತಿಗೆಯ ಮೊದಲ ಮೂಳೆ) ಕಮಾನಿಗೆ ಇಳಿಯುವ ಪೊರೆಯೂ ಕಪ್ಪಗೇ ಕಾಣುತ್ತದೆ. ಅದನ್ನು ಮೂಳೆ ಎಂದುಕೊಂಡರೆ ರೇಖೆ ಕೆಳಗೆ ಜಾರುತ್ತದೆ.

ರೇಖೆ ಒಮ್ಮೆ ನಿಂತ ಮೇಲೆ ಅದನ್ನು ಎಡಬಲಕ್ಕೂ ಚಾಚಿದ ಸಮತಲವೆಂದು ಉಳಿಸಿ. 3ಡಿ ಸ್ಲೈಸರ್ ತಂತ್ರಾಂಶದ ಮಾರ್ಕಪ್ಸ್‌ನಲ್ಲಿ ಇದಕ್ಕೆ ಪ್ಲೇನ್ ಎಂಬ ಸಾಧನ ಇದೆ. ಪಕ್ಕದ ಸ್ಲೈಸ್‌ಗೆ ಹೋಗಿ ಹೊಸದಾಗಿ ರೇಖೆ ಎಳೆಯಬೇಡಿ. ಅಲ್ಲಿ ಬೇಸಿಯಾನ್ ಇರುವುದಿಲ್ಲ, ಕೆಳಗೆ ಇಳಿಬಿದ್ದ ಕಾಂಡೈಲ್ (ಬುರುಡೆ ಕುತ್ತಿಗೆಯ ಮೇಲೆ ಕೂರುವ ಮೂಳೆಯುಬ್ಬು) ಸಿಗುತ್ತದೆ. ಅಲ್ಲಿಂದ ಅಳೆದರೆ ಇಳಿತ ಕಡಿಮೆ ಬರುತ್ತದೆ. ನಿಮ್ಮ 3.5ಕ್ಕೆ ಇದೇ ಕಾರಣವಿರಬಹುದು.

ನಂತರ 1 ಮಿ.ಮೀ.ನಂತೆ ಸರಿಸುತ್ತ ಎಡ ಮತ್ತು ಬಲ ಟಾನ್ಸಿಲ್‌ಗಳ ಕೆಳತುದಿಯನ್ನು ಬೇರೆಬೇರೆಯಾಗಿ ಹುಡುಕಿ, ಸಮತಲಕ್ಕೆ ಲಂಬವಾಗಿ ಅಳೆಯಿರಿ, ಮೆದುಳುಬಳ್ಳಿಯ ಓಟದ ಗುಂಟ ಅಲ್ಲ.

ಉತ್ತರ 2

ಚಿತ್ರಗಳನ್ನು ಜೆಪೆಗ್ ಮಾಡಿ ಅಳೆದಿದ್ದರೆ ಆ ಅಂಕಿಗಳನ್ನು ಕೈಬಿಡಿ. ಪಿಕ್ಸೆಲ್ ಅಂತರದ ಮಾಹಿತಿ ಡೈಕಾಮ್‌ನಲ್ಲಿ (ಸ್ಕ್ಯಾನರ್ ಕೊಡುವ ಮೂಲ ಕಡತ) ಇರುತ್ತದೆ, ಜೆಪೆಗ್‌ಗೆ ಬರುವುದಿಲ್ಲ.

ಕಿಯಾರಿ 1 ಎನ್ನಲು ಬಳಸುವ 5 ಮಿ.ಮೀ. ಇಳಿತ ಎಂಬ ಗಡಿಯನ್ನೂ ಕುರುಡಾಗಿ ಹಿಡಿಯಬೇಡಿ. ವಯಸ್ಸಾದಂತೆ ಟಾನ್ಸಿಲ್‌ಗಳು ಮೇಲೇರುತ್ತವೆ, ಮೊದಲ ಹತ್ತು ವರ್ಷಗಳಲ್ಲಿ 6 ಮಿ.ಮೀ.ವರೆಗಿನ ಇಳಿತವೂ ಸಹಜವಿರಬಹುದು. ವೋಕ್ಸೆಲ್ಲೇ (ಚಿತ್ರದ ಅತಿ ಚಿಕ್ಕ ಘನ) 1 ಮಿ.ಮೀ. ಇರುವಾಗ 4.8 ಮತ್ತು 5.1ರ ನಡುವೆ ರೋಗ ನಿರ್ಧಾರ ಮಾಡಲಾಗದು. ತುದಿ ಗೂಟದಂತೆ ಚೂಪಾಗಿದೆಯೇ, ಫೊರಾಮೆನ್ ಮ್ಯಾಗ್ನಮ್‌ನಲ್ಲಿ ದ್ರವದ ಜಾಗ ಮುಚ್ಚಿದೆಯೇ, ಸಿರಿಂಕ್ಸ್ (ಮೆದುಳುಬಳ್ಳಿಯೊಳಗಿನ ದ್ರವದ ಕುಹರ) ಇದೆಯೇ ಎಂಬುದನ್ನೂ ಬರೆದುಕೊಳ್ಳಿ. ಪಾನ್ಸ್ (ಮೆದುಳುಕಾಂಡದ ಉಬ್ಬಿದ ಭಾಗ) ಚಪ್ಪಟೆಯಾಗಿ ಕ್ಲೈವಸ್‌ಗೆ ಅಂಟಿದಂತಿದ್ದರೆ ದ್ರವ ಸೋರಿಕೆಯಿಂದ ಮೆದುಳು ಕುಸಿದಿರಬಹುದು. ಅದನ್ನು ಕಿಯಾರಿ 1 ಎಂದು ಎಣಿಸಬಾರದು.

ಪ್ರಶ್ನೆ ಕೇಳಿದವರು

ಡಿಕಂಪ್ರೆಷನ್ (ಫೊರಾಮೆನ್ ಮ್ಯಾಗ್ನಮ್‌ನ ಹಿಂದಿನ ಮೂಳೆ ತೆಗೆಯುವ ಶಸ್ತ್ರಚಿಕಿತ್ಸೆ) ಆದವರಲ್ಲಿ ಒಪಿಸ್ಥಿಯಾನ್ ಇರುವುದೇ ಇಲ್ಲ. ಅಂದಾಜಿನ ಮೇಲೆ ಗುರುತಿಸಬಹುದೇ?

ಉತ್ತರ 1

ಬೇಡ. ಶಸ್ತ್ರಚಿಕಿತ್ಸೆಗೆ ಮುಂಚಿನ ಸ್ಕ್ಯಾನನ್ನು ನಂತರದ್ದಕ್ಕೆ ರಿಜಿಡ್ ರಿಜಿಸ್ಟ್ರೇಷನ್ (ಆಕಾರ ಬದಲಿಸದೆ ಸರಿಸಿ, ತಿರುಗಿಸಿ ಹೊಂದಿಸುವುದು) ಮಾಡಿ ಹಳೆಯ ಸಮತಲವನ್ನೇ ತನ್ನಿ. ಹೊಂದಿಸುವಾಗ ಕ್ಲೈವಸ್ ಮತ್ತು ತಲೆಬುರುಡೆಯ ತಳ ಮಾತ್ರ ಸೇರಲಿ. ಕುತ್ತಿಗೆಯ ಬಾಗು ಪ್ರತಿ ಸಲ ಬೇರೆ, ಅದು ಸೇರಿದರೆ ಎಲ್ಲ ಓರೆಯಾಗುತ್ತದೆ.

ಉತ್ತರ 3

ಗಾತ್ರದ ವಿಚಾರ. ಇಂಥ ತಂತ್ರಾಂಶಗಳ ಮಾದರಿ ನಕಾಶೆ ಸಾಮಾನ್ಯವಾಗಿ ಆರೋಗ್ಯವಂತರದ್ದು. ಸೂಟ್ ಎಂಬ ಸೆರೆಬೆಲ್ಲಮ್ ನಕಾಶೆಯಂತೂ 20 ಆರೋಗ್ಯವಂತ ಯುವ ವಯಸ್ಕರ ಮೇಲೆ ಕಟ್ಟಿದ್ದು. ವರ್ಮಿಸ್ ಇಲ್ಲದ ಮೆದುಳಿಗೂ ಅದು ಎಳೆದು ಹಿಗ್ಗಿಸಿ ವರ್ಮಿಸ್ ಕಂಡುಹಿಡಿಯುತ್ತದೆ. ಎರಡು ಗೋಳಾರ್ಧಗಳು ಬೆಸೆದುಕೊಂಡಿರುವ ರಾಂಬೆನ್‌ಸೆಫಲೋಸಿನಾಪ್ಸಿಸ್‌ನಲ್ಲಿ ಈ ಹೆಸರುಪಟ್ಟಿಗಳಿಗೆ ಅರ್ಥವೇ ಇಲ್ಲ.

ಕಿಯಾರಿ 2ರಲ್ಲಿ ತೊಂದರೆ ತಿರುಗುಮುರುಗು. ಚಿತ್ರದಿಂದ ತಲೆಬುರುಡೆ ತೆಗೆಯುವ ಹಂತದಲ್ಲಿ ಮಾಸ್ಕ್ (ಮೆದುಳೆಂದು ಗುರುತಿಸಿದ ಪ್ರದೇಶ) ಫೊರಾಮೆನ್ ಮ್ಯಾಗ್ನಮ್ ಬಳಿ ಕತ್ತರಿಸಿ, ಕುತ್ತಿಗೆಗೆ ಇಳಿದ ವರ್ಮಿಸನ್ನು ಬಿಟ್ಟುಬಿಡುತ್ತದೆ. ಮಾಸ್ಕ್‌ನ ಕೆಳ ಅಂಚನ್ನು ಸಜಿಟಲ್‌ನಲ್ಲಿ ಕಣ್ಣಾರೆ ನೋಡಿ. ಡ್ಯಾಂಡಿ-ವಾಕರ್‌ನಲ್ಲಿ ಟೆಂಟೋರಿಯಮ್ (ಕಿರುಮೆದುಳಿನ ಮೇಲಿನ ಪೊರೆ), ಟ್ರಾನ್ಸ್‌ವರ್ಸ್ ಸೈನಸ್ (ಅದರ ಅಂಚಿನ ರಕ್ತನಾಳ) ಮಾಸ್ಕ್‌ನೊಳಗೆ ಸೇರಿಕೊಂಡಿವೆಯೇ ನೋಡಿ ಕೈಯಿಂದ ಅಳಿಸಿ. ಮೊದಲ ಕೆಲವು ತಿಂಗಳ ಶಿಶುಗಳ ಟಿ1ನಲ್ಲಿ ಬಿಳಿ ದ್ರವ್ಯ ಬೂದು ದ್ರವ್ಯಕ್ಕಿಂತ ಕಪ್ಪಗಿರುತ್ತದೆ, ಅಲ್ಲಿ ಟಿ2 (ದ್ರವ ಬೆಳ್ಳಗೆ ಕಾಣುವ ಬಗೆ) ಮೇಲೆ ಕೆಲಸ ಮಾಡಿ.

ಟೆಗ್ಮೆಂಟೋ-ವರ್ಮಿಯನ್ ಕೋನವನ್ನೂ (ಮೆದುಳುಕಾಂಡ ಮತ್ತು ವರ್ಮಿಸ್ ನಡುವಿನ ಕೋನ) ಅಳೆಯುವುದಾದರೆ ಒಂದು ಎಚ್ಚರ. ಭ್ರೂಣದಲ್ಲಿ 18 ಡಿಗ್ರಿಗಿಂತ ಕಡಿಮೆ ಇದ್ದರೆ ಸಹಜ, 45 ದಾಟಿದರೆ ಡ್ಯಾಂಡಿ-ವಾಕರ್ ಕಡೆಗೆ ವಾಲುತ್ತದೆ. ನಡುವಿನದ್ದನ್ನು ಕೋನವೊಂದೇ ಹೇಳಲಾರದು. ಬ್ಲೇಕ್ ಪೌಚ್‌ನಲ್ಲಿ (ಕಿರುಮೆದುಳಿನ ಹಿಂದೆ ಉಳಿದುಹೋದ ದ್ರವದ ಚೀಲ) ವರ್ಮಿಸ್ ತಿರುಗಿರುತ್ತದೆ, ಆದರೆ ಗಾತ್ರ ಸರಿಯಿರುತ್ತದೆ. ಹಾಗಾಗಿ ವರ್ಮಿಸ್ ಎತ್ತರವನ್ನೂ ಅಳೆದು ಗರ್ಭದ ವಾರಕ್ಕೆ ಹೋಲಿಸಿ.