ವಾರ್ಡಿನಲ್ಲಿ ವೈದ್ಯರೊಡನೆ ಮಾತನಾಡಬೇಕಾದವರು ಯಾರು?

ಪ್ರಶ್ನೆ (ಮುಳಬಾಗಿಲು): ಪಾರ್ಶ್ವವಾಯುವಿನಿಂದ ಕೋಲಾರದ ಆಸ್ಪತ್ರೆಯಲ್ಲಿರುವ ನಮ್ಮ ತಂದೆಯವರ ಬಗ್ಗೆ ರೌಂಡ್ಸಿಗೆ ಬರುವ ವೈದ್ಯರು ಅಣ್ಣನಿಗೊಂದು, ಚಿಕ್ಕಪ್ಪನಿಗೊಂದು ಹೇಳಿದಂತೆ ತೋರುತ್ತದೆ. ಏನು ಮಾಡಬೇಕು?

ಉತ್ತರ (ನಿವೃತ್ತ ಶುಶ್ರೂಷಕಿ): ಮನೆಯವರಲ್ಲಿ ಒಬ್ಬರನ್ನೇ ಗೊತ್ತುಮಾಡಿ, ಅವರ ಮೊಬೈಲ್ ಸಂಖ್ಯೆಯನ್ನು ಕೇಸ್ ಶೀಟಿನಲ್ಲಿ ಬರೆಸಿ. ವೈದ್ಯರು ಹೇಳಿದ್ದನ್ನು ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಕೇಳಲಿ. ನುಂಗುವ ಶಕ್ತಿಯನ್ನು ಪರೀಕ್ಷಿಸುವ ಮೊದಲು, ನೋಡಲು ಬಂದವರು ಪ್ರೀತಿಯಿಂದ ತಂದ ಎಳನೀರನ್ನೂ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಉತ್ತರ (ಬಂಗಾರಪೇಟೆ): ಮಾತು ತೊದಲಿದ ಮಾತ್ರಕ್ಕೆ ತಿಳಿವಳಿಕೆಯೂ ಹೋಯಿತೆಂದು ಭಾವಿಸಿ, ಮಂಚದ ಪಕ್ಕದಲ್ಲೇ ನಿಂತು ಅವರಿಲ್ಲವೇನೋ ಎಂಬಂತೆ ಚರ್ಚಿಸುವುದು (ನಮ್ಮ ಕಡೆ ಇದು ಸಾಮಾನ್ಯ) ತಪ್ಪು. ತಂದೆಯವರನ್ನೇ ಮೊದಲು ಕೇಳಿ.

ಉತ್ತರ (ಮಾಲೂರು): ರೋಗಿಯಾಗಲಿ ಅವರ ಅಧಿಕೃತ ಸಹಾಯಕರಾಗಲಿ ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿನೀತಿ ನಿಯಮಗಳು ಹೇಳುತ್ತವೆ.