ತುಮಕೂರಿನಲ್ಲಿ ಮನೆ: ಈಗಲೇ ಕೊಳ್ಳುವುದೇ, ಬಡ್ಡಿ ಇನ್ನಷ್ಟು ಇಳಿಯಲೆಂದು ಕಾಯುವುದೇ?

ಪ್ರಶ್ನೆ (ಸಪ್ತಗಿರಿ ಬಡಾವಣೆಯಿಂದ)

ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ನಾನು ಮೇಲ್ವಿಚಾರಕ. ನನ್ನ ಹೆಂಡತಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಇಬ್ಬರದೂ ಸೇರಿ ತಿಂಗಳಿಗೆ 78,000 ರೂಪಾಯಿ ಕೈಗೆ ಬರುತ್ತದೆ, ಅದರಲ್ಲಿ 11,000 ಬಾಡಿಗೆಗೆ ಹೋಗುತ್ತದೆ. ಮರಳೂರಿನ ಬಳಿ ಮೂವತ್ತು ನಲವತ್ತರ ನಿವೇಶನದಲ್ಲಿ ಆರು ವರ್ಷದ ಹಿಂದೆ ಕಟ್ಟಿದ ಮನೆಯೊಂದಕ್ಕೆ 55 ಲಕ್ಷ ಹೇಳಿದ್ದಾರೆ. ನಮ್ಮ ಉಳಿತಾಯ 15 ಲಕ್ಷ. ಇನ್ನೊಂದು ವರ್ಷ ಕಾದರೆ ಬಡ್ಡಿ ಮತ್ತಷ್ಟು ಇಳಿಯುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಮೆಟ್ರೋ ಬಂದರೆ ಈ ಬೆಲೆಗೆ ಸ್ನಾನದ ಮನೆಯೂ ಸಿಗುವುದಿಲ್ಲ ಎಂದು ದಲ್ಲಾಳಿ ಹೇಳುತ್ತಾನೆ. ಸಾಲ ಮಾಡಿ ಮನೆ ಕೊಂಡ ಅನುಭವವಿರುವವರು ದಯವಿಟ್ಟು ತಿಳಿಸಿ.

ಕ್ಯಾತ್ಸಂದ್ರದ ಶಿಕ್ಷಕರೊಬ್ಬರು

ಬಡ್ಡಿ ಇಳಿದಾಗ ಸಾಲ ಮಾಡಿದವನಿಗೆ ಮುಂದೆ ಏನಾಗಬಹುದು ಎಂಬುದನ್ನು ಮಾತ್ರ ನಾನು ಹೇಳಬಲ್ಲೆ, ಏಕೆಂದರೆ ಅದನ್ನು ಅನುಭವಿಸಿದವನು ನಾನೇ. 2021ರ ಆಗಸ್ಟ್‌ನಲ್ಲಿ ಶೇ. 6.9ರ ದರದಲ್ಲಿ, ಇಪ್ಪತ್ತು ವರ್ಷಕ್ಕೆ 25 ಲಕ್ಷ ಸಾಲ ಪಡೆದೆ. ಕಂತು 19,233 ರೂಪಾಯಿ. ಆಗ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ. 4ರಲ್ಲಿತ್ತು, ಅದೇ ಸ್ಥಿತಿ ಹಾಗೇ ಇರುತ್ತದೆ ಎಂದು ನಾನೂ ನಂಬಿದ್ದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ಅದನ್ನು ಹಂತ ಹಂತವಾಗಿ 6.50ಕ್ಕೆ ಏರಿಸಿತು, ನನ್ನ ಸಾಲದ ದರ 9.4ಕ್ಕೆ ಹೋಯಿತು. ಆದರೆ ಕಂತಿನ ಮೊತ್ತ ಬದಲಾಗಲಿಲ್ಲ, ಹಾಗಾಗಿ ಏನೂ ಆಗಿಲ್ಲವೆಂದು ನಿಶ್ಚಿಂತೆಯಿಂದಿದ್ದೆ. ಒಂದು ದಿನ ಸಂಬಳದ ಕೆಲಸಕ್ಕೆಂದು ಬ್ಯಾಂಕಿಗೆ ಹೋದಾಗ ಸಾಲದ ವಿವರ ಪಟ್ಟಿಯನ್ನು ತೆಗೆಸಿ ನೋಡಿದರೆ, ಆ ತಿಂಗಳು ನಾನು ಕಟ್ಟಿದ ಹತ್ತೊಂಬತ್ತು ಸಾವಿರ ಚಿಲ್ಲರೆಯಲ್ಲಿ ಅಸಲಿಗೆ ಜಮಾ ಆಗಿದ್ದು ನಾನೂರು ರೂಪಾಯಿಯೂ ಅಲ್ಲ. ಉಳಿದದ್ದೆಲ್ಲ ಬಡ್ಡಿಗೆ ಹೋಗಿತ್ತು. ಕಂತನ್ನು ಹಾಗೇ ಇಟ್ಟು ಅವಧಿಯನ್ನು ಮಾತ್ರ ಎಳೆದಿದ್ದರು, ಅದು ನನ್ನ ನಿವೃತ್ತಿಯನ್ನೂ ದಾಟಿ ಹೋಗಿತ್ತು.

ಅಂದೇ ಅರ್ಜಿ ಬರೆದುಕೊಟ್ಟು ಕಂತನ್ನು 23,000ಕ್ಕೆ ಏರಿಸಿಕೊಂಡೆ. 2025ರಲ್ಲಿ ದರ ಇಳಿದಾಗ ಕಂತನ್ನು ಇಳಿಸಿಕೊಡುತ್ತೇವೆಂದು ಕೇಳಿದರು, ನಾನು ಬೇಡವೆಂದೆ. ದರ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರನನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸೂಚನೆ ಹೊರಡಿಸಿದೆ. ಅದನ್ನು ನೆಚ್ಚಿಕೊಂಡು ಸುಮ್ಮನೆ ಕೂರದೆ, ವರ್ಷಕ್ಕೊಮ್ಮೆಯಾದರೂ ಆ ಪಟ್ಟಿಯಲ್ಲಿ ಅಸಲಿನ ಕಾಲಮ್ಮನ್ನು ನೋಡಿಕೊಳ್ಳಿ.

ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು, ಜಯನಗರ

ಮೊದಲು ನಿಮ್ಮ ಸಹೋದ್ಯೋಗಿಗಳ ಮಾತನ್ನು ಪರಿಶೀಲಿಸೋಣ. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೋ ದರ 6.50ರಿಂದ 5.25ಕ್ಕೆ, ಅಂದರೆ ಒಂದೂಕಾಲು ಶೇಕಡಾದಷ್ಟು ಇಳಿದಿದೆ. ಹಣದುಬ್ಬರ ಅಪರೂಪಕ್ಕೆಂಬಂತೆ ನೆಲ ಮುಟ್ಟಿದ್ದರಿಂದ ಅದು ಸಾಧ್ಯವಾಯಿತು. ನನ್ನ ಅಂದಾಜಿನಲ್ಲಿ ಇಳಿಕೆಯ ದೊಡ್ಡ ಪಾಲು ಆಗಿಹೋಗಿದೆ, ಇನ್ನು ಇಳಿದರೂ ಕಾಲು ಅಥವಾ ಅರ್ಧ ಶೇಕಡಾ. ನಿಮಗೆ 44 ಲಕ್ಷ ಸಾಲ ಸಿಕ್ಕಿತೆಂದುಕೊಳ್ಳಿ. ಏಳೂವರೆಯ ದರದಲ್ಲಿ ಇಪ್ಪತ್ತು ವರ್ಷಕ್ಕೆ ಕಂತು ಸುಮಾರು 35,450 ರೂಪಾಯಿ, ಏಳೂಕಾಲಕ್ಕೆ ಇಳಿದರೆ ಸುಮಾರು 34,780. ನೀವು ಒಂದು ವರ್ಷ ಕಾಯುವುದು ತಿಂಗಳಿಗೆ ಈ 670 ರೂಪಾಯಿಗಾಗಿ.

ಅದಕ್ಕಿಂತ ಮುಖ್ಯವಾದ ವಿಷಯವೆಂದರೆ, ಈಗ ಸಾಲ ಪಡೆದವನಿಗೂ ಆ ಇಳಿಕೆ ತಪ್ಪುವುದಿಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಬದಲಾಗುವ ದರದ ಹೊಸ ಗೃಹಸಾಲಗಳನ್ನು ರೆಪೋದಂಥ ಹೊರಗಿನ ಮಾನದಂಡಕ್ಕೆ ಜೋಡಿಸಲೇಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಪರಿಷ್ಕರಿಸಬೇಕು. ಇಳಿದರೂ ನಿಮಗೆ ಬರುತ್ತದೆ, ಏರಿದರೂ ನಿಮ್ಮ ಮೇಲೆಯೇ ಬರುತ್ತದೆ. ಈ ನಿಯಮ ಬ್ಯಾಂಕುಗಳಿಗೆ ಮಾತ್ರ. ಗೃಹಸಾಲ ಕಂಪನಿಗಳು ತಮ್ಮದೇ ಮೂಲದರವನ್ನು ಇಟ್ಟುಕೊಳ್ಳಬಹುದು, ಅಲ್ಲಿ ಇಳಿಕೆ ಗ್ರಾಹಕನನ್ನು ತಲುಪುವುದು ಕಂಪನಿಯ ಮನಸ್ಸು ಬಂದಾಗ. ಆದ್ದರಿಂದ ನೀವು ಚೌಕಾಸಿ ಮಾಡಬೇಕಾದದ್ದು ರೆಪೋದ ಮೇಲೆ ಬ್ಯಾಂಕು ಸೇರಿಸುವ ಅಂತರದ ಬಗ್ಗೆ. ಅದು ಸಾಲ ಮಂಜೂರಾಗುವಾಗ ನಿಗದಿಯಾಗಿ ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ, ಮತ್ತು ನಿಮ್ಮ ಸಿಬಿಲ್ ಅಂಕದ (ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬುದಕ್ಕೆ ಸಿಗುವ ಅಂಕ) ಮೇಲೆ ಬಹಳ ಮಟ್ಟಿಗೆ ನಿಂತಿರುತ್ತದೆ.

ಇನ್ನು ನಿಮ್ಮ 15 ಲಕ್ಷದ ಲೆಕ್ಕ. ನನಗೆ ಆತಂಕವಿರುವುದು ಇಲ್ಲಿಯೇ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆಯ ಮೌಲ್ಯದ ಶೇ. 80ರಷ್ಟನ್ನು ಮಾತ್ರ ಕೊಡಬಹುದು; 55 ಲಕ್ಷಕ್ಕೆ 44. ಉಳಿದ 11 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು ಮತ್ತು ಅಧಿಭಾರ ಸೇರಿ ನಗರ ಪ್ರದೇಶದಲ್ಲಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು 2 ಆಗಿದೆ. ಒಟ್ಟು 7.6, ಅಂದರೆ 4 ಲಕ್ಷ 18 ಸಾವಿರ. ಹನ್ನೊಂದಕ್ಕೆ ಇದನ್ನು ಕೂಡಿಸಿದರೆ 15 ಲಕ್ಷ 18 ಸಾವಿರವಾಗುತ್ತದೆ. ಬ್ಯಾಂಕಿನ ವಕೀಲರ ಶುಲ್ಕ, ಮೌಲ್ಯಮಾಪಕರ ಶುಲ್ಕ, ಗೃಹಪ್ರವೇಶದ ಊಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನೋಂದಣಿಯ ದಿನ ಸಂಜೆ ನಿಮ್ಮ ಖಾತೆಯಲ್ಲಿ ಆಸ್ಪತ್ರೆಗೆ ಹೋಗಲೂ ದುಡ್ಡಿರುವುದಿಲ್ಲ. ಬೆಲೆ 50 ಲಕ್ಷ ದಾಟಿರುವುದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1ರಷ್ಟನ್ನು ಮುರಿದುಕೊಂಡು ಆದಾಯ ತೆರಿಗೆಗೆ ಕಟ್ಟುವ ಹೊಣೆಯೂ ನಿಮ್ಮದೇ, ಅದನ್ನು ಮರೆತು ನೋಟಿಸು ಪಡೆದವರನ್ನು ನೋಡಿದ್ದೇನೆ.

ಮಾರ್ಗಸೂಚಿ ಬೆಲೆಗೆ (ನೋಂದಣಿಗೆಂದು ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ನೋಂದಣಿ ಮಾಡಿಸಿ ಮಿಕ್ಕದ್ದನ್ನು ನಗದಾಗಿ ಕೊಡಿ, ಶುಲ್ಕ ಉಳಿಯುತ್ತದೆ ಎಂದು ಹೇಳುವವರು ಬಂದೇ ಬರುತ್ತಾರೆ. ಕ್ರಯಪತ್ರದಲ್ಲಿ 40 ಲಕ್ಷವೆಂದು ಬರೆಸಿದರೆ ಸಾಲವೂ ಆ 40ರ ಮೇಲೆಯೇ ಬರುತ್ತದೆ. ಆಗ 15 ಲಕ್ಷ ನಗದು, ಮೇಲೆ 8 ಲಕ್ಷ ನಿಮ್ಮ ಪಾಲು, ಎಲ್ಲಿಂದ ತರುತ್ತೀರಿ? ಅದು ಕಾನೂನಿಗೆ ವಿರುದ್ಧ ಎಂಬುದು ಹಾಗಿರಲಿ, ನಿಮ್ಮ ಲೆಕ್ಕಕ್ಕೇ ವಿರುದ್ಧ.

ನನ್ನ ಕಾಲದಲ್ಲಿ ಅರ್ಜಿದಾರರಿಗೆ ಒಂದು ಪರೀಕ್ಷೆ ಒಡ್ಡುತ್ತಿದ್ದೆ: ಇಂದಿನ ದರಕ್ಕೆ ಎರಡು ಸೇರಿಸಿ ಕಂತನ್ನು ಲೆಕ್ಕ ಹಾಕಿ. 44 ಲಕ್ಷಕ್ಕೆ ಒಂಬತ್ತೂವರೆಯಲ್ಲಿ ಅದು 41,000. ನಿಮ್ಮಿಬ್ಬರ ಸಂಬಳದ ಅರ್ಧಕ್ಕಿಂತ ಹೆಚ್ಚು. ಒಬ್ಬರ ಕೆಲಸ ಹೋದರೆ ಆ ಮನೆ ಉಳಿಯುವುದಿಲ್ಲ. 35 ಲಕ್ಷದೊಳಗಿನ ಸಾಲವಾದರೆ ಧೈರ್ಯವಾಗಿ ಮುಂದುವರಿಯಿರಿ ಎನ್ನುತ್ತಿದ್ದೆ, 44ಕ್ಕೆ ಹೇಳಲಾರೆ.

ಶಿರಾ ಗೇಟ್‌ನ ವ್ಯಾಪಾರಿಯೊಬ್ಬರು

ಮೆಟ್ರೋ ಮಾತಿಗೆ ಮರುಳಾಗಿ ನಾನು ಸೈಟು ತೆಗೆದುಕೊಂಡೆ. ಬೆಂಗಳೂರು ಮೆಟ್ರೋದ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದದ್ದು ನಿಜ. ಅಲ್ಲಿಂದ ತುಮಕೂರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ, ಆ ವಿಸ್ತರಣೆ ಇನ್ನೂ ಕಾಗದದಲ್ಲಿದೆ. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದಾಗಲೂ ಗುಬ್ಬಿ ರಸ್ತೆಯ ಬಡಾವಣೆದಾರರು ಇದೇ ರಾಗ ಹಾಡಿದ್ದರು. ನನಗೆ ಮಾರಿದವರು ತೋರಿಸಿದ್ದು ಬಣ್ಣದ ನಕ್ಷೆ, ಕಮಾನು, ಎರಡು ಸಾಲು ತೆಂಗಿನ ಸಸಿ. ಕೈಗೆ ಬಂದದ್ದು ಪಂಚಾಯಿತಿಯ 11ಬಿ ನಮೂನೆ, ಅಂದರೆ ಅನಧಿಕೃತ ಆಸ್ತಿಗೆ ಕೊಡುವ ದಾಖಲೆ. ಬಡಾವಣೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇರಲಿಲ್ಲ. ಯಾವ ಬ್ಯಾಂಕೂ ಅದರ ಮೇಲೆ ಸಾಲ ಕೊಡಲಿಲ್ಲ, ಸಾಲ ಸಿಗದ ಸೈಟನ್ನು ಕೊಳ್ಳುವವರೂ ಸಿಗಲಿಲ್ಲ. ತೆಂಗಿನ ಸಸಿಗಳು ಒಣಗಿದವು, ಕಮಾನು ಇನ್ನೂ ನಿಂತಿದೆ. ನಮ್ಮ ಊರಿನಲ್ಲಿ ಬೆಲೆ ಇಳಿದದ್ದನ್ನು ನಾನು ಕಂಡಿಲ್ಲ, ಆದರೆ ಹೇಳಿದ ಬೆಲೆಗೆ ಮಾರಾಟವಾಗದೆ ಮೂರು ನಾಲ್ಕು ವರ್ಷ ನಿಂತ ಮನೆ, ಸೈಟುಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಬಾಡಿಗೆ ಮನೆಯಲ್ಲಿಯೇ ಇರುವವರು, ಎಸ್‌.ಎಸ್‌. ಪುರಂ

ಮೇಲಿನ ಹಿರಿಯರ ಲೆಕ್ಕವನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. 44 ಲಕ್ಷ ಸಾಲದ ಮೊದಲ ವರ್ಷದ ಬಡ್ಡಿಯೇ ತಿಂಗಳಿಗೆ 27,000 ಆಗುವಾಗ, 11,000 ಬಾಡಿಗೆಯನ್ನು ದಂಡವೆಂದು ಹೇಗೆ ಕರೆಯುವುದು? ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ವಂತ ವಾಸದ ಮನೆಯ ಬಡ್ಡಿಯ ಮೇಲೆ ವಿನಾಯಿತಿಯೂ ಇಲ್ಲ. ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದು ತಿಂಗಳಿಗೆ ಇಪ್ಪತ್ತು ಸಾವಿರ ಬೇರೆ ಎತ್ತಿಟ್ಟರೆ ಐದು ಲಕ್ಷದ ಹತ್ತಿರ ಕೂಡುತ್ತದೆ. ಅಷ್ಟು ಎತ್ತಿಡಲು ಆಗದಿದ್ದರೆ ಮೂವತ್ತೈದು ಸಾವಿರದ ಕಂತನ್ನೂ ಕಟ್ಟಲಾಗುವುದಿಲ್ಲ ಎಂಬುದು ಸಾಲ ಮಾಡುವ ಮೊದಲೇ ತಿಳಿಯುತ್ತದೆ.

ಮರಳೂರಿನ ನಿವಾಸಿ

ಆ ಭಾಗದಲ್ಲೇ ಇರುವುದರಿಂದ ಇಷ್ಟು ಹೇಳುತ್ತೇನೆ: ಬುಗುಡನಹಳ್ಳಿಯಿಂದ ಬರುವ ಹೇಮಾವತಿ ನೀರಿನ ನಲ್ಲಿ ಸಂಪರ್ಕ ಆ ಮನೆಗೆ ಇದೆಯೇ, ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಎಂದು ಮನೆಯವರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಕೊಳವೆ ಬಾವಿಯನ್ನು ನೋಡುವುದಾದರೆ ಏಪ್ರಿಲ್‌ನಲ್ಲಿ ನೋಡಿ. ಇ-ಖಾತೆ (ಆಸ್ತಿಯ ಮಾಲೀಕರು, ಅಳತೆ ಇರುವ ಸ್ಥಳೀಯ ಸಂಸ್ಥೆಯ ಗಣಕೀಕೃತ ದಾಖಲೆ) ಇಲ್ಲದೆ ಈಗ ನೋಂದಣಿ ಆಗುವುದಿಲ್ಲವಾದ್ದರಿಂದ ಅದರ ಪ್ರತಿಯನ್ನು ಮೊದಲೇ ಪಡೆದು ಕ್ರಯಪತ್ರದ ಪಕ್ಕದಲ್ಲಿಟ್ಟು ಓದಿ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ

ಎಲ್ಲರಿಗೂ ಧನ್ಯವಾದಗಳು. ನಮ್ಮ ಅತ್ತೆಯವರು ಮೂರು ಲಕ್ಷ ಕೊಡಲು ಒಪ್ಪಿದ್ದಾರೆ. ಮನೆ ಎಂಟು ತಿಂಗಳಿನಿಂದ ಮಾರಾಟಕ್ಕಿದೆ ಎಂಬುದು ಪಕ್ಕದ ಮನೆಯವರಿಂದ ತಿಳಿದ ಮೇಲೆ 49 ಲಕ್ಷಕ್ಕೆ ಕೇಳಿದೆ, 51ಕ್ಕೆ ಬಂದಿದ್ದಾರೆ. ಪೂರ್ತಿ ಮೊತ್ತಕ್ಕೆ ನೋಂದಣಿ ಎಂಬ ಮಾತಿಗೂ ಒಪ್ಪಿದ್ದಾರೆ. ಸಾಲ 38 ಲಕ್ಷ ಮೀರದಂತೆ ನೋಡಿಕೊಳ್ಳಬೇಕೆಂದಿದ್ದೇವೆ. ಹಿರಿಯರು ಹೇಳಿದ ಗೆರೆಗಿಂತ ಮೂರು ಲಕ್ಷ ಹೆಚ್ಚು, ಗೊತ್ತಿದೆ. ಮುಂಗಡ ಮಾತ್ರ ಇನ್ನೂ ಕೊಟ್ಟಿಲ್ಲ. ಕ್ರಯಪತ್ರದಲ್ಲಿ ಮೂವತ್ತಕ್ಕೆ ನಲವತ್ತು ಎಂದಿರುವ ನಿವೇಶನ ಇ-ಖಾತೆಯಲ್ಲಿ ಮೂವತ್ತಕ್ಕೆ ಮೂವತ್ತೆಂಟು ಎಂದು ದಾಖಲಾಗಿದೆ. ಅದನ್ನು ಮಾರುವವರೇ ತಿದ್ದಿಸಿಕೊಟ್ಟ ನಂತರ ಕರಾರುಪತ್ರ ಮಾಡಿಕೊಳ್ಳೋಣ ಎಂದು ಹೇಳಿ ಬಂದಿದ್ದೇನೆ.